ಗೋಧಿ ಸಲ್ಲದ ದೇಹ, ರಾಗಿ ಬೆಳೆಯುವ ಸೀಮೆ

(ಹಾಸನದಲ್ಲಿ ಪೋಷಕರು, ಶಿಕ್ಷಕರು ಮತ್ತು ಅಡುಗೆ ವೃತ್ತಿಯವರು ಸೇರಿದ್ದ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಸಭೆಯಲ್ಲಿರುವ ಹಿರಿಯರಿಗೆ, ತಾಯಂದಿರಿಗೆ, ಅಡುಗೆಯನ್ನೇ ವೃತ್ತಿಯಾಗಿಸಿಕೊಂಡವರಿಗೆ ನನ್ನ ನಮಸ್ಕಾರಗಳು.

ಗೋಧಿ ತಿಂದರೆ ಕರುಳಿಗೆ ಹಾನಿಯಾಗುವ ಸೀಲಿಯಾಕ್ ಕಾಯಿಲೆಯ ಹೆಸರನ್ನು ನಮ್ಮ ಊರಿನಲ್ಲಿ ಎತ್ತಿದರೆ ಮೊದಲು ಬರುವ ಮಾತು, ಅದು ಮೂರು ಹೊತ್ತೂ ಚಪಾತಿ ತಿನ್ನುವ ಉತ್ತರದವರ ಕಾಯಿಲೆ, ನಮಗೆ ಅದರ ಗೊಡವೆ ಏಕೆ ಎಂಬುದು. ಈ ಮಾತಿನಲ್ಲಿ ಅರ್ಧದಷ್ಟು ಸತ್ಯವಿದೆ. ದೇಶದ ಬೇರೆ ಬೇರೆ ಭಾಗಗಳ ವಯಸ್ಕರನ್ನು ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಉತ್ತರ ಭಾರತದ ಶೇ. 1.23ರಷ್ಟು ಜನರ ರಕ್ತದಲ್ಲಿ ಈ ಕಾಯಿಲೆಯ ಸುಳಿವು ಕೊಡುವ ಪ್ರತಿಕಾಯಗಳು ಕಂಡುಬಂದಿದ್ದವು. ದಕ್ಷಿಣದಲ್ಲಿ ಆ ಪ್ರಮಾಣ ಶೇ. 0.10 ಮಾತ್ರ, ಅಂದರೆ ಸಾವಿರಕ್ಕೆ ಒಬ್ಬರು. ಆದರೆ ಅದೇ ಅಧ್ಯಯನ ಹೇಳುವ ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಈ ಕಾಯಿಲೆಗೆ ಎಡೆಮಾಡಿಕೊಡುವ ವಂಶವಾಹಿಗಳು ಉತ್ತರದವರಲ್ಲಿಯೂ ದಕ್ಷಿಣದವರಲ್ಲಿಯೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ, ಮೂವರಲ್ಲಿ ಒಬ್ಬರಿಗಿಂತ ತುಸು ಹೆಚ್ಚು ಜನರಲ್ಲಿ, ಇದ್ದವು. ದೊಡ್ಡ ವ್ಯತ್ಯಾಸವಿದ್ದದ್ದು ಊಟದಲ್ಲಿ: ಅಲ್ಲಿನವರು ದಿನಕ್ಕೆ ಸರಾಸರಿ 455 ಗ್ರಾಂ ಗೋಧಿ ತಿನ್ನುತ್ತಿದ್ದರೆ ಇಲ್ಲಿನವರು ತಿನ್ನುತ್ತಿದ್ದದ್ದು 25 ಗ್ರಾಂ. ಗೋಧಿ ನಮ್ಮ ಮನೆಗಳಲ್ಲಿ ಎಷ್ಟು ಬೇಗ ನೆಲೆಯೂರುತ್ತಿದೆ ಎಂಬುದನ್ನು ಬಲ್ಲವರಿಗೆ ಈ ಎರಡು ಸಂಗತಿಗಳನ್ನು ಒಟ್ಟಿಗೆ ಓದಿದಾಗ ನಿಶ್ಚಿಂತೆ ಉಳಿಯುವುದಿಲ್ಲ. ಸಾವಿರಕ್ಕೆ ಒಬ್ಬರೆಂಬ ಲೆಕ್ಕವನ್ನೇ ಹಿಡಿದರೂ, 2011ರ ಜನಗಣತಿಯ ಪ್ರಕಾರ 17 ಲಕ್ಷಕ್ಕೂ ಹೆಚ್ಚು ಜನರಿರುವ ಹಾಸನ ಜಿಲ್ಲೆಯಲ್ಲಿ ಸಾವಿರದ ಏಳುನೂರರಷ್ಟು ಮಂದಿಯ ರಕ್ತದಲ್ಲಿ ಆ ಪ್ರತಿಕಾಯಗಳು ಇರಬೇಕು. ಅವರಲ್ಲಿ ಕಾಯಿಲೆ ಇರುವ ಹೆಚ್ಚಿನವರಿಗೆ ತಮಗೆ ಅದು ಇದೆಯೆಂದು ತಿಳಿದಿರುವ ಸಂಭವ ಕಡಿಮೆ.

ತಿಳಿದ ಕೆಲವರಲ್ಲಿ ನಾನೂ ಒಬ್ಬಳು. ಈ ಕಾಯಿಲೆಯೊಂದಿಗೆ ಬದುಕಲು ನಮ್ಮ ಸೀಮೆಗಿಂತ ಅನುಕೂಲವಾದ ಜಾಗ ದೇಶದಲ್ಲಿ ಹೆಚ್ಚಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ನಮಗೆ ಬೇಕಾದ ಊಟ ಇಲ್ಲಿನ ಹೊಲದಲ್ಲಿಯೂ ಅಡುಗೆಮನೆಯಲ್ಲಿಯೂ ಹಿಂದಿನಿಂದ ಇದ್ದೇ ಇದೆ. ಇಲ್ಲದಿರುವುದು ಆ ಊಟವನ್ನು ಗೋಧಿಯ ಸೋಂಕಿಲ್ಲದೆ ತಟ್ಟೆಯವರೆಗೆ ತಲುಪಿಸುವ ತಿಳಿವಳಿಕೆ. ಅದು ರೋಗಿಯೊಬ್ಬರ ಕೈಯಲ್ಲಿಲ್ಲ, ಆದ್ದರಿಂದಲೇ ನಿಮ್ಮೆಲ್ಲರ ಮುಂದೆ ಮಾತನಾಡಲು ಒಪ್ಪಿಕೊಂಡೆ.

ಮೊದಲು ಕಾಯಿಲೆಯ ಸ್ವರೂಪವನ್ನು ಹೇಳುತ್ತೇನೆ. ಗೋಧಿ, ಬಾರ್ಲಿ ಮತ್ತು ರೈ ಎಂಬ ಮೂರು ಧಾನ್ಯಗಳಲ್ಲಿ ಗ್ಲುಟೆನ್ ಎಂದು ಕರೆಯುವ ಪ್ರೋಟೀನುಗಳಿವೆ. ಮೈದಾ, ಚಿರೋಟಿ ರವೆ, ಬನ್ಸಿ ರವೆ, ಗೋಧಿ ನುಚ್ಚು, ಅಂಗಡಿಯ ಶಾವಿಗೆ ಇವೆಲ್ಲ ಗೋಧಿಯ ರೂಪಗಳೇ. ಸಾಮಾನ್ಯ ದೇಹ ಈ ಪ್ರೋಟೀನನ್ನು ಪೂರ್ತಿಯಾಗಿ ಜೀರ್ಣಿಸದಿದ್ದರೂ ತೊಂದರೆಯಿಲ್ಲದೆ ಸಾಗಹಾಕುತ್ತದೆ. ಸೀಲಿಯಾಕ್ ಇರುವವರಲ್ಲಿ ಅದರ ತುಣುಕುಗಳು ಸಣ್ಣ ಕರುಳಿನ ಒಳಪದರವನ್ನು ದಾಟಿದಾಗ ದೇಹದ ರಕ್ಷಣಾ ವ್ಯವಸ್ಥೆಯು ಅವನ್ನು ಶತ್ರುವೆಂದು ಭಾವಿಸಿ, ಜೊತೆಗೆ ತನ್ನದೇ ಅಂಗಾಂಶದ ಮೇಲೂ ದಾಳಿ ಮಾಡುತ್ತದೆ. ಸಣ್ಣ ಕರುಳಿನ ಒಳಭಾಗದಲ್ಲಿ, ಹೊಸದಾಗಿ ನಾಟಿ ಮಾಡಿದ ಗದ್ದೆಯ ಸಸಿಗಳಂತೆ, ಕಣ್ಣಿಗೆ ಕಾಣದಷ್ಟು ಸಣ್ಣ ಅಸಂಖ್ಯ ಕುಚ್ಚುಗಳು ನಿಂತಿರುತ್ತವೆ. ತಿಂದ ಆಹಾರದ ಸಾರವನ್ನು ಹೀರಿಕೊಳ್ಳುವುದು ಅವುಗಳ ಕೆಲಸ. ದಾಳಿ ನಡೆಯುತ್ತಲೇ ಇದ್ದರೆ ಈ ಕುಚ್ಚುಗಳು ಸವೆದು ಮಟ್ಟಸವಾಗುತ್ತವೆ. ಆಗ ಎಷ್ಟು ಒಳ್ಳೆಯ ಊಟ ಮಾಡಿದರೂ ಕಬ್ಬಿಣ, ಕ್ಯಾಲ್ಸಿಯಂ, ಫೋಲೇಟ್ ಮೊದಲಾದವು ರಕ್ತಕ್ಕೆ ಸೇರುವುದಿಲ್ಲ. ಇದು ಅಲರ್ಜಿಯೂ ಅಲ್ಲ, ಅಜೀರ್ಣವೂ ಅಲ್ಲ. ಥೈರಾಯ್ಡಿನ ಕೆಲವು ಕಾಯಿಲೆಗಳು ಮತ್ತು ಟೈಪ್ 1 ಮಧುಮೇಹ ಸೇರಿರುವ ಗುಂಪಿನದು, ದೇಹವೇ ದೇಹಕ್ಕೆ ಹಾನಿ ಮಾಡಿಕೊಳ್ಳುವ ಬಗೆಯದು.

ಭೇದಿ, ಹೊಟ್ಟೆಯುಬ್ಬರ, ತೂಕ ಇಳಿಯುವುದು ಇವು ಪುಸ್ತಕದಲ್ಲಿ ಮೊದಲು ಬರುವ ಲಕ್ಷಣಗಳು. ಆದರೆ ದೊಡ್ಡವರಲ್ಲಿ ಬಹಳ ಮಂದಿಗೆ ಹೊಟ್ಟೆಯ ತೊಂದರೆ ಮೇಲ್ನೋಟಕ್ಕೆ ಇರುವುದೇ ಇಲ್ಲ. ಕಬ್ಬಿಣದ ಮಾತ್ರೆ ನುಂಗಿದರೂ ಏರದ ಹಿಮೋಗ್ಲೋಬಿನ್, ಮರಳಿ ಮರಳಿ ಬರುವ ಬಾಯಿಹುಣ್ಣು, ವಯಸ್ಸಿಗೆ ಮೀರಿ ಸವೆದ ಮೂಳೆ, ಕೈಕಾಲಿನ ಜೋಮು, ಮೊಣಕೈ ಮತ್ತು ಮಂಡಿಯ ಮೇಲೆ ತಡೆಯಲಾಗದ ತುರಿಕೆಯ ಗುಳ್ಳೆಗಳು, ಮಕ್ಕಳಲ್ಲಿ ನಿಂತುಹೋದ ಬೆಳವಣಿಗೆ, ಕಾರಣ ಸಿಗದ ಬಂಜೆತನ ಅಥವಾ ಗರ್ಭಪಾತ, ಹೀಗೆ ಅದು ಬೇರೆ ಬೇರೆ ವೇಷದಲ್ಲಿ ಬರುತ್ತದೆ. ನನಗೆ ಬಂದದ್ದು ರಕ್ತಹೀನತೆಯ ರೂಪದಲ್ಲಿ. ನಮ್ಮ ಕಡೆ ಹೆಂಗಸರಿಗೆ ರಕ್ತ ಕಡಿಮೆಯಿರುವುದು ಎಷ್ಟು ಸಾಮಾನ್ಯವೆಂದರೆ ಅದಕ್ಕೆ ಕಾರಣ ಹುಡುಕಬೇಕೆಂದು ಯಾರಿಗೂ ಅನ್ನಿಸುವುದಿಲ್ಲ. ಮಾತ್ರೆ, ಟಾನಿಕ್ಕು, ಬೀಟ್‌ರೂಟು, ನುಗ್ಗೆಸೊಪ್ಪು ಇವುಗಳಲ್ಲಿಯೇ ವರ್ಷಗಳು ಕಳೆಯುತ್ತವೆ. ದಕ್ಷಿಣ ಭಾರತದ ವೈದ್ಯರಿಗೆ ಪೋಷಕಾಂಶ ಹೀರಿಕೆಯ ತೊಂದರೆ ಎಂದರೆ ಟ್ರಾಪಿಕಲ್ ಸ್ಪ್ರೂ ಎಂಬ ಉಷ್ಣವಲಯದ ಕರುಳಿನ ಕಾಯಿಲೆ ಅಥವಾ ಕರುಳಿನ ಕ್ಷಯ ಮೊದಲು ನೆನಪಾಗುವುದು ಸಹಜ, ಏಕೆಂದರೆ ಇಲ್ಲಿ ಅವೇ ಹೆಚ್ಚಾಗಿ ಕಂಡಿದ್ದವು. ಯಾರನ್ನೂ ದೂರಲು ಈ ಮಾತು ಹೇಳುತ್ತಿಲ್ಲ. ಕಬ್ಬಿಣದ ಮಾತ್ರೆಯನ್ನು ಸರಿಯಾಗಿ ತೆಗೆದುಕೊಂಡೂ ರಕ್ತ ಏರದಿದ್ದರೆ, ಸೀಲಿಯಾಕ್ ಪರೀಕ್ಷೆಯನ್ನೂ ಮಾಡಿಸಬೇಕೇ ಎಂದು ನೀವಾಗಿಯೇ ವೈದ್ಯರನ್ನು ಕೇಳಿ ಎಂಬುದಷ್ಟೇ ನನ್ನ ವಿನಂತಿ.

ಪರೀಕ್ಷೆಯ ವಿಷಯದಲ್ಲಿ ಒಂದು ಎಚ್ಚರಿಕೆ ಉಳಿದೆಲ್ಲಕ್ಕಿಂತ ಮುಖ್ಯ. ಮೊದಲ ಹಂತದ ಪರೀಕ್ಷೆ ರಕ್ತದಲ್ಲಿ ಟಿಟಿಜಿ-ಐಜಿಎ ಎಂಬ ಪ್ರತಿಕಾಯವನ್ನು ಅಳೆಯುವುದು. ಅದರ ಜೊತೆಗೆ ಐಜಿಎ ಎಂಬ ಬಗೆಯ ಪ್ರತಿಕಾಯಗಳ ಒಟ್ಟು ಪ್ರಮಾಣವನ್ನೂ ನೋಡುತ್ತಾರೆ, ಏಕೆಂದರೆ ಕೆಲವರ ದೇಹದಲ್ಲಿ ಐಜಿಎ ಹುಟ್ಟಿನಿಂದಲೇ ಕಡಿಮೆಯಿದ್ದು ಪರೀಕ್ಷೆ ಸುಳ್ಳು ಸಮಾಧಾನ ಕೊಡಬಹುದು. ಬಳಿಕ ಎಂಡೋಸ್ಕೋಪಿ ಮಾಡಿ ಸಣ್ಣ ಕರುಳಿನ ಮೊದಲ ಭಾಗದಿಂದ ಚೂರುಗಳನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಈ ಎರಡೂ ಪರೀಕ್ಷೆಗಳು ಸರಿಯಾದ ಉತ್ತರ ಕೊಡಬೇಕಾದರೆ ವ್ಯಕ್ತಿಯು ಆವರೆಗೆ ಗೋಧಿ ತಿನ್ನುತ್ತಲೇ ಇರಬೇಕು. ಯಾರೋ ಹೇಳಿದರೆಂದು, ಎಲ್ಲಿಯೋ ಓದಿದೆವೆಂದು ಮೊದಲೇ ಗೋಧಿ ಬಿಟ್ಟು, ಸ್ವಲ್ಪ ಹಗುರವೆನಿಸಿದ ಮೇಲೆ ಪರೀಕ್ಷೆಗೆ ಹೋದರೆ ಪ್ರತಿಕಾಯ ಇಳಿದಿರುತ್ತದೆ, ಕರುಳು ಮಾಯತೊಡಗಿರುತ್ತದೆ, ಕಾಯಿಲೆ ಇದೆಯೋ ಇಲ್ಲವೋ ಎಂಬುದು ಬಗೆಹರಿಯುವುದಿಲ್ಲ. ಜೀವನಪೂರ್ತಿ ಪಾಲಿಸಬೇಕಾದ ಪಥ್ಯವನ್ನು ಅನುಮಾನದ ಮೇಲೆ ನಿಲ್ಲಿಸುವುದು ಕಷ್ಟ. ಮನೆಯವರೂ ಅದನ್ನು ನಂಬುವುದಿಲ್ಲ.

ಪಥ್ಯವೇ ಏಕೆ, ಔಷಧ ಇಲ್ಲವೇ ಎಂದು ಕೇಳುತ್ತಾರೆ. ಇಂದಿಗೂ ಗ್ಲುಟೆನ್ ಬಿಡುವುದೇ ಈ ಕಾಯಿಲೆಯ ಚಿಕಿತ್ಸೆ, ಮತ್ತು ಇಷ್ಟು ಸರಳವಾದ ಸತ್ಯ ಕೈಗೆ ಸಿಗಲು ವೈದ್ಯಲೋಕಕ್ಕೆ ಬಹಳ ಕಾಲ ಹಿಡಿಯಿತು. ಲಂಡನ್ನಿನ ಸ್ಯಾಮ್ಯುಯೆಲ್ ಗೀ ಎಂಬ ವೈದ್ಯರು 1880ರ ದಶಕದಲ್ಲಿಯೇ, ಈ ಮಕ್ಕಳು ಗುಣವಾಗುವುದಿದ್ದರೆ ಆಹಾರದಿಂದಲೇ ಆಗಬೇಕು ಎಂದು ಊಹಿಸಿದ್ದರು. ಯಾವ ಆಹಾರ ಎಂಬುದು ಅವರಿಗೆ ಹೊಳೆದಿರಲಿಲ್ಲ. 1924ರಲ್ಲಿ ಅಮೆರಿಕದ ಸಿಡ್ನಿ ಹಾಸ್ ಅವರು ಮಕ್ಕಳಿಗೆ ಬಾಳೆಹಣ್ಣಿನ ಪಥ್ಯ ಕೊಟ್ಟು ಹೆಸರಾದರು. ಮಕ್ಕಳು ಚೇತರಿಸಿಕೊಂಡದ್ದು ನಿಜ, ಆದರೆ ಗುಣ ಬಾಳೆಹಣ್ಣಿನಲ್ಲಿರಲಿಲ್ಲ, ಬ್ರೆಡ್ಡು ತಟ್ಟೆಯಿಂದ ಹೋಗಿದ್ದರಲ್ಲಿತ್ತು. ಇದನ್ನು ಖಚಿತವಾಗಿ ತೋರಿಸಿಕೊಟ್ಟವರು ನೆದರ್ಲೆಂಡ್ಸಿನ ಮಕ್ಕಳ ವೈದ್ಯ ವಿಲ್ಲೆಮ್ ಕಾರೆಲ್ ಡಿಕ್ಕೆ. ಗೋಧಿಯ ಮೇಲೆ ಅವರಿಗೆ 1930ರ ದಶಕದಿಂದಲೇ ಅನುಮಾನವಿತ್ತು. ಎರಡನೇ ಮಹಾಯುದ್ಧದ ಕೊನೆಯಲ್ಲಿ, 1944–45ರ ಚಳಿಗಾಲದಲ್ಲಿ, ಆ ದೇಶದಲ್ಲಿ ಭೀಕರ ಕ್ಷಾಮ ತಲೆದೋರಿ ಬ್ರೆಡ್ಡು ಸಿಗದೆ ಜನ ಟುಲಿಪ್ ಹೂವಿನ ಗೆಡ್ಡೆಗಳನ್ನು ತಿಂದು ಬದುಕಿದರು. ಊರಿಗೆ ಊರೇ ಹಸಿವಿನಿಂದ ನರಳುತ್ತಿದ್ದಾಗ ಈ ಕಾಯಿಲೆಯ ಮಕ್ಕಳು ಮಾತ್ರ ಹದಗೆಡಲಿಲ್ಲ, ಸುಧಾರಿಸಿದರು. ಬ್ರೆಡ್ಡು ಮರಳಿ ಬಂದಾಗ ಮತ್ತೆ ಮಲಗಿದರು. 1950ರಲ್ಲಿ ಡಿಕ್ಕೆ ತಮ್ಮ ಮಹಾಪ್ರಬಂಧದಲ್ಲಿ ಇದನ್ನೆಲ್ಲ ದಾಖಲಿಸಿದರು. ಈಗ ನಾನು ನಿಮ್ಮ ಮುಂದೆ ನಿಂತು ಮಾತನಾಡಲು ಸಾಧ್ಯವಾಗಿರುವುದು ಆ ಮನುಷ್ಯನ ತಾಳ್ಮೆಯ ನೋಟದಿಂದ ಎಂದು ನಾನು ಭಾವಿಸುತ್ತೇನೆ.

ಬಿಡುವುದೆಂದರೆ ಎಷ್ಟು ಬಿಡುವುದು? "ಸ್ವಲ್ಪ ತಿಂದರೆ ಏನಾಗುತ್ತೆ, ಬಾಯಿಗೆ ಹಾಕ್ಕೊಳ್ಳಿ" ಎಂಬ ಪ್ರೀತಿಯ ಮಾತನ್ನು ಕೇಳದ ಸೀಲಿಯಾಕ್ ರೋಗಿ ನಮ್ಮ ನಾಡಿನಲ್ಲಿ ಇರಲಾರರು. ಒಂದು ತುಂಡು ಬ್ರೆಡ್ಡಿನಲ್ಲಿ ಸುಮಾರು 2 ಗ್ರಾಂ ಗ್ಲುಟೆನ್ ಇರುತ್ತದೆ. 2007ರಲ್ಲಿ ಪ್ರಕಟವಾದ ಇಟಲಿಯ ಅಧ್ಯಯನವೊಂದು, ದಿನಕ್ಕೆ 50 ಮಿಲಿಗ್ರಾಂ, ಅಂದರೆ ಆ ತುಂಡಿನ ನಲವತ್ತನೇ ಒಂದು ಭಾಗ, ಮೂರು ತಿಂಗಳು ಹೊಟ್ಟೆಗೆ ಹೋದರೂ ಕರುಳಿಗೆ ಹಾನಿಯಾಗುತ್ತದೆ ಎಂದು ತೋರಿಸಿತು. ಹಾಗಾಗಿಯೇ ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವೂ ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಆಹಾರ ಮಾನದಂಡವೂ ಕಿಲೋಗ್ರಾಂಗೆ 20 ಮಿಲಿಗ್ರಾಂ ಮೀರದ ಆಹಾರಕ್ಕೆ ಮಾತ್ರ ಗ್ಲುಟೆನ್ ಮುಕ್ತ ಎಂಬ ಹೆಸರು ಹಚ್ಚಲು ಅವಕಾಶ ಕೊಡುತ್ತವೆ. ತಿಂದ ಕೂಡಲೇ ಎಲ್ಲರಿಗೂ ಹೊಟ್ಟೆ ಕೆಡುವುದಿಲ್ಲ. ಏನೂ ಆಗಲಿಲ್ಲವೆಂದು ಅನ್ನಿಸಿದಾಗಲೂ ಒಳಗೆ ಹಾನಿ ನಡೆದಿರುತ್ತದೆ.

ಇನ್ನು ನಮ್ಮ ಅಡುಗೆಮನೆಗೆ ಬರುತ್ತೇನೆ. ಅರಸೀಕೆರೆ, ಚನ್ನರಾಯಪಟ್ಟಣದ ಕಡೆಯ ರಾಗಿಮುದ್ದೆ, ಸಕಲೇಶಪುರ, ಮೂಡಿಗೆರೆಯ ಕಡೆಯ ಅಕ್ಕಿರೊಟ್ಟಿ ಮತ್ತು ಕಡುಬು, ಒತ್ತುಶಾವಿಗೆ, ನೀರುದೋಸೆ, ಅವರೆಕಾಳಿನ ಸಾರು, ಬಸ್ಸಾರು, ಹುರುಳಿಕಟ್ಟು, ಹಾಸನದ ಆಲೂಗಡ್ಡೆ ಪಲ್ಯ, ಇವುಗಳಲ್ಲಿ ಯಾವುದರಲ್ಲಿಯೂ ಸ್ವಭಾವತಃ ಗ್ಲುಟೆನ್ ಇಲ್ಲ. ಜೋಳ, ಸಜ್ಜೆ, ನವಣೆ, ಸಾಮೆ, ಹಾರಕ, ಊದಲುಗಳಲ್ಲಿಯೂ ಇಲ್ಲ. ಪಶ್ಚಿಮದ ದೇಶಗಳಲ್ಲಿ ಈ ಕಾಯಿಲೆಯವರಿಗೆ ದೊಡ್ಡ ಸಂಕಟ ಬ್ರೆಡ್ಡಿಗೆ ಬದಲು ಏನು ಎಂಬುದು. ಗ್ಲುಟೆನ್ ಇಲ್ಲದ ಹಿಟ್ಟು ಹಿಡಿದುಕೊಳ್ಳುವುದಿಲ್ಲ, ಹಿಗ್ಗುವುದಿಲ್ಲ, ಪುಡಿಪುಡಿಯಾಗುತ್ತದೆ ಎಂದು ಅಲ್ಲಿ ಹತ್ತಾರು ಬಗೆಯ ಅಂಟುಗಳನ್ನು ಬೆರೆಸುತ್ತಾರೆ. ನಮ್ಮ ಮಲೆನಾಡಿನ ಹೆಂಗಸರು ಈ ಸಮಸ್ಯೆಯನ್ನು ಎಂದೋ ಬಿಡಿಸಿದ್ದಾರೆ. ಕುದಿಯುವ ನೀರಿಗೆ ಉಪ್ಪು ಹಾಕಿ, ಅಕ್ಕಿಹಿಟ್ಟು ಸುರಿದು, ಮುಚ್ಚಿ, ಸಣ್ಣ ಉರಿಯಲ್ಲಿ ಉಕ್ಕರಿಸಿ, ಕೈ ಸುಡುವಷ್ಟು ಬಿಸಿಯಿರುವಾಗಲೇ ಚೆನ್ನಾಗಿ ನಾದಿದರೆ ಹಿಟ್ಟಿನ ಪಿಷ್ಟ ಬೆಂದು ತಾನೇ ಅಂಟಾಗುತ್ತದೆ. ಆ ಉಂಡೆಯನ್ನು ಕಾಗದದಷ್ಟು ತೆಳ್ಳಗೆ ತಟ್ಟಿದರೂ ಅಂಚು ಒಡೆಯುವುದಿಲ್ಲ. ಮುದ್ದೆಯನ್ನು ಹಿಟ್ಟಿನಕೋಲಿನಿಂದ ತಿರುವಿ ಕಟ್ಟುವುದರಲ್ಲಿಯೂ ಇದೇ ತತ್ತ್ವವಿದೆ. ಇಂಥ ಕೌಶಲವನ್ನು ಮನೆಯ ಮಕ್ಕಳಿಗೆ, ಗಂಡುಮಕ್ಕಳಿಗೂ, ಕಲಿಸಿ ಎಂದು ಬೇಡಿಕೊಳ್ಳುತ್ತೇನೆ. ಪೇಟೆಯಿಂದ ತರಿಸುವ ದುಬಾರಿ ಗ್ಲುಟೆನ್ ಮುಕ್ತ ಬಿಸ್ಕತ್ತಿನಲ್ಲಿ ಸಾಮಾನ್ಯವಾಗಿ ಸಕ್ಕರೆ ಹೆಚ್ಚು, ನಾರು ಕಡಿಮೆ. ರಾಗಿಯಲ್ಲಾದರೆ ನಾರೂ ಇದೆ, 100 ಗ್ರಾಂಗೆ 300 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಮ್ಮೂ ಇದೆ, ಮತ್ತು ಮೂಳೆ ಸವೆದವರಿಗೆ ಅದು ಬೇಕಾದದ್ದೇ.

ಹಾಗಾದರೆ ತೊಂದರೆ ಎಲ್ಲಿಂದ ಆರಂಭವಾಗುತ್ತದೆ? ಬಹುಮಟ್ಟಿಗೆ ಹಿಟ್ಟಿನ ಗಿರಣಿಯಿಂದ. ನಮ್ಮ ಸೀಮೆಯಲ್ಲಿ ಗೋಧಿ ಬೆಳೆಯುವುದು ವಿರಳವಾದ್ದರಿಂದ ರೈತರ ಕಣದಿಂದ ನೇರವಾಗಿ ತಂದ ರಾಗಿ ಸಾಮಾನ್ಯವಾಗಿ ಗೋಧಿಯ ಸೋಂಕಿಲ್ಲದೆ ಇರುತ್ತದೆ. ಅದನ್ನು ತೊಳೆದು, ಒಣಗಿಸಿ, ಡಬ್ಬಿಯಲ್ಲಿ ಗಿರಣಿಗೆ ಕೊಂಡೊಯ್ದಾಗ ನಮಗಿಂತ ಮುಂಚೆ ಬಂದವರ ಗೋಧಿ ಬೀಸುತ್ತಿರುತ್ತದೆ. ಮೇಲಿನ ಬುಟ್ಟಿಯ ಮೂಲೆಯಲ್ಲಿ ಗೋಧಿಯ ಕಾಳು, ಕಲ್ಲಿನ ಸಂದಿಯಲ್ಲಿ ಹಿಟ್ಟು, ಬಾಯಿಗೆ ಕಟ್ಟಿದ ಬಟ್ಟೆಯ ಚೀಲದಲ್ಲಂತೂ ಕೊಡವಿದಷ್ಟೂ ಉದುರುವ ಹಿಟ್ಟು. ನಮ್ಮ ರಾಗಿಯ ಮೊದಲ ಸೇರು ಇದೆಲ್ಲವನ್ನೂ ತೊಳೆದುಕೊಂಡು ಬರುತ್ತದೆ. ರಾಗಿಹಿಟ್ಟು ಕಪ್ಪಾದ್ದರಿಂದ ಬೆರಕೆ ಕಣ್ಣಿಗೂ ಕಾಣುತ್ತದೆ, ಅಕ್ಕಿಹಿಟ್ಟಿನಲ್ಲಿ ಅದೂ ಕಾಣುವುದಿಲ್ಲ. ಒಂದು ಸೇರು ಬೀಸಿ ದನಕ್ಕೆ ತೆಗೆದಿಟ್ಟರೂ ಉಳಿದದ್ದು ಪೂರ್ತಿ ಶುದ್ಧವಾಯಿತೆಂದು ಹೇಳಲಾಗದು. ಗೋಧಿ ಬೀಸದ ಯಂತ್ರವೊಂದನ್ನು ಪ್ರತ್ಯೇಕವಾಗಿ ಇಡುವ ಗಿರಣಿ ಸಿಕ್ಕರೆ ಅದು ದೊಡ್ಡ ಪುಣ್ಯ. ಇಲ್ಲವಾದರೆ ಮನೆಯಲ್ಲಿಯೇ ಸಣ್ಣ ಬೀಸುವ ಯಂತ್ರ ಇಟ್ಟುಕೊಂಡು ಅದಕ್ಕೆ ಗೋಧಿ ಮುಟ್ಟಿಸದಿರುವುದು ಒಳ್ಳೆಯದು. ಈ ಸಭೆಯಲ್ಲಿ ಗಿರಣಿ ನಡೆಸುವವರು ಇದ್ದರೆ, ಒಂದು ಯಂತ್ರವನ್ನು ರಾಗಿ, ಅಕ್ಕಿಗಷ್ಟೇ ಮೀಸಲಿಡುವ ಬಗ್ಗೆ ದಯವಿಟ್ಟು ಯೋಚಿಸಿ.

ಗಿರಣಿಯ ನಂತರದ ಸ್ಥಾನ ಇಂಗಿನದು. ಅಂಗಡಿಯಲ್ಲಿ ಸಿಗುವ ಇಂಗು, ಪುಡಿಯಾಗಲಿ ಗಟ್ಟಿಯಾಗಲಿ, ಶುದ್ಧ ಇಂಗಲ್ಲ; ಅದರ ಖಾರವನ್ನು ತಗ್ಗಿಸಲು ಗೋಂದು ಮತ್ತು ಹಿಟ್ಟು ಬೆರೆಸಿರುತ್ತಾರೆ, ಆ ಹಿಟ್ಟು ಬಹಳಷ್ಟು ಬಾರಿ ಗೋಧಿಯದು. ಸಾರು, ಹುಳಿ, ಚಟ್ನಿಪುಡಿ, ಉಪ್ಪಿನಕಾಯಿ, ಮಜ್ಜಿಗೆಯ ಒಗ್ಗರಣೆ ಎಲ್ಲದಕ್ಕೂ ಇಂಗು ಬೀಳುವ ಮನೆಯಲ್ಲಿ ಅನ್ನ ಮಾತ್ರ ತಿಂದೆನೆಂದು ನಂಬಿದವರೂ ಗೋಧಿ ತಿಂದಿರುತ್ತಾರೆ. ಅಕ್ಕಿಹಿಟ್ಟು ಬೆರೆಸಿದ ಇಂಗು ಈಗ ಸಿಗುತ್ತದೆ. ಪೊಟ್ಟಣದ ಹಿಂದಿನ ಸಣ್ಣ ಅಕ್ಷರಗಳನ್ನು ಓದಿ ಕೊಳ್ಳಬೇಕು. ಗ್ಲುಟೆನ್ ಇರುವ ಧಾನ್ಯ ಬಳಸಿದ್ದರೆ ಅದನ್ನು ಲೇಬಲ್ಲಿನಲ್ಲಿ ಹೇಳಬೇಕೆಂದು 2020ರ ನಿಯಮಗಳಲ್ಲಿ ಇದೆ. ಸೋಯಾ ಸಾಸಿನಲ್ಲಿ, ಮಾಲ್ಟ್ ಬೆರೆಸಿದ ಹಾಲಿನ ಪುಡಿಗಳಲ್ಲಿ ಗೋಧಿ ಅಥವಾ ಬಾರ್ಲಿ ಇರುತ್ತದೆ. ಓಟ್ಸು ತಾನಾಗಿ ಹೆಚ್ಚಿನವರಿಗೆ ಸಲ್ಲುತ್ತದೆಯಾದರೂ ಮಾರುಕಟ್ಟೆಯದು ಗೋಧಿಯೊಂದಿಗೆ ಬೆರೆತಿರುವುದೇ ಹೆಚ್ಚು. ಕಾಫಿಯ ಬಗ್ಗೆ ಈ ಜಿಲ್ಲೆಯವರು ಕೇಳದೆ ಇರುವುದಿಲ್ಲ: ಕಾಫಿಬೀಜದಲ್ಲಿಯೂ ಚಿಕೋರಿಯಲ್ಲಿಯೂ ಗ್ಲುಟೆನ್ ಇಲ್ಲ.

ಹೋಟೆಲಿನವರಿಗೆ ಒಂದು ಮಾತು. ಇಡ್ಲಿ ಸಲ್ಲುತ್ತದೆ, ರವೆ ಇಡ್ಲಿ ಸಲ್ಲುವುದಿಲ್ಲ. ದೋಸೆ ಸಲ್ಲುತ್ತದೆ, ಆದರೆ ಗರಿಗರಿಯಾಗಲೆಂದು ಹಿಟ್ಟಿಗೆ ಮೈದಾ ಬೆರೆಸಿದ್ದರೆ ಅಥವಾ ರವೆ ದೋಸೆ ಹೊಯ್ದ ಕಾವಲಿಯಲ್ಲಿಯೇ ಹೊಯ್ದರೆ ಸಲ್ಲುವುದಿಲ್ಲ. ಪೂರಿ ಕರಿದ ಎಣ್ಣೆಯಲ್ಲಿ ಕರಿದ ಉದ್ದಿನವಡೆ ಸಲ್ಲುವುದಿಲ್ಲ. ಗಿರಾಕಿಯೊಬ್ಬರು ಇದನ್ನು ಕೇಳಿದಾಗ ಅದು ಚಪಲವಲ್ಲ, ಮಡಿಯೂ ಅಲ್ಲ ಎಂದು ತಿಳಿದು ನಿಜವಾದ ಉತ್ತರ ಕೊಟ್ಟರೆ ಸಾಕು. "ಗೊತ್ತಿಲ್ಲ" ಎಂಬ ಉತ್ತರವೂ ನಮಗೆ ಉಪಕಾರವೇ.

ಇದಕ್ಕಿಂತ ಕಷ್ಟವಾದದ್ದು ಪ್ರಸಾದದ ವಿಷಯ. ಸತ್ಯನಾರಾಯಣ ಪೂಜೆಯ ಸಪಾದಭಕ್ಷ್ಯವನ್ನು ರವೆಯಿಂದ ಮಾಡುತ್ತಾರೆ. ಯುಗಾದಿಯ ಹೋಳಿಗೆಯ ಕಣಕ ಮೈದಾದ್ದು. ರಂಜಾನಿನ ಹಲೀಮಿನಲ್ಲಿ ಗೋಧಿಯಿದೆ. ಚರ್ಚಿನ ಪರಮಪ್ರಸಾದದ ರೊಟ್ಟಿ ಗೋಧಿಯದೇ. ಎಲ್ಲ ಧರ್ಮಗಳಲ್ಲಿಯೂ ಹಂಚಿ ತಿನ್ನುವುದು ಕೂಡಿ ಬಾಳುವುದರ ಗುರುತು, ಹಾಗಿರುವಾಗ ಕೈಯೊಡ್ಡದವರು ದೂರ ನಿಂತವರಂತೆ ಕಾಣುತ್ತಾರೆ. ಹಿರಿಯರೊಬ್ಬರು ಅಂಗೈಗೆ ಹಾಕಿದ ಸಜ್ಜಿಗೆಯನ್ನು ಬಾಯಿಗೆ ಹಾಕಿಕೊಳ್ಳದೆ ಹಿಡಿದುಕೊಂಡು ನಿಲ್ಲುವುದು ನನಗೆ ಇಂದಿಗೂ ನೋವಿನ ಗಳಿಗೆ. ಪ್ರಸಾದವನ್ನು ಕಣ್ಣಿಗೊತ್ತಿಕೊಂಡು ಪಕ್ಕದವರಿಗೆ ಕೊಟ್ಟರೆ ಅಪಚಾರವಿಲ್ಲ ಎಂಬುದು ನನ್ನ ನಂಬಿಕೆ, ಮತ್ತು ಪೂಜೆ ಮಾಡಿಸುವವರು ಒಂದು ಬಾಳೆಹಣ್ಣನ್ನೋ ಕಲ್ಲುಸಕ್ಕರೆಯನ್ನೋ ಬೇರೆಯಾಗಿ ನೈವೇದ್ಯಕ್ಕೆ ಇಟ್ಟಿದ್ದರೆ ಬಂದವರಲ್ಲಿ ಯಾರೂ ಬರಿಗೈಯಲ್ಲಿ ಹೋಗಬೇಕಾಗುವುದಿಲ್ಲ. ಚರ್ಚುಗಳಲ್ಲಿ ಗ್ಲುಟೆನ್ ಬಹಳ ಕಡಿಮೆಯಿರುವ ರೊಟ್ಟಿಗೆ ಈಗಾಗಲೇ ಅನುಮತಿಯಿದೆ.

ಸಕ್ಕರೆ ಕಾಯಿಲೆಯವರು ರಾತ್ರಿ ಅನ್ನ ಬಿಟ್ಟು ಚಪಾತಿ ತಿನ್ನಬೇಕೆಂಬುದು ನಮ್ಮ ಮನೆಗಳಲ್ಲಿ ಶಾಸನದಂತಾಗಿದೆ. ಟೈಪ್ 1 ಮಧುಮೇಹವಿರುವ ಮಕ್ಕಳಲ್ಲಿ ಸೀಲಿಯಾಕ್ ಬರುವ ಸಂಭವ ಉಳಿದ ಮಕ್ಕಳಿಗಿಂತ ಹಲವು ಪಟ್ಟು ಹೆಚ್ಚು. ಇನ್ಸುಲಿನ್ ಚುಚ್ಚಿಸಿಕೊಳ್ಳುವ ಮಗು ಎತ್ತರ ಬೆಳೆಯದಿದ್ದರೆ, ಪದೇಪದೇ ಸಕ್ಕರೆ ತೀರಾ ಇಳಿಯುತ್ತಿದ್ದರೆ, ಚಪಾತಿಯನ್ನು ಇನ್ನಷ್ಟು ಹೆಚ್ಚಿಸುವ ಮೊದಲು ರಕ್ತಪರೀಕ್ಷೆ ಮಾಡಿಸಿ. ಶಿಕ್ಷಕರಲ್ಲಿ ನನ್ನ ಬೇಡಿಕೆ ಚಿಕ್ಕದು: ಹುಟ್ಟುಹಬ್ಬದ ಕೇಕು, ಬಿಸ್ಕತ್ತು ಹಂಚುವ ದಿನ ಸೀಲಿಯಾಕ್ ಇರುವ ಮಗುವಿಗಾಗಿ ಶೇಂಗಾಚಿಕ್ಕಿಯ ಡಬ್ಬಿಯೊಂದು ತರಗತಿಯಲ್ಲಿ ಇರಲಿ, ಬಿಸಿಯೂಟಕ್ಕೆ ಉಪ್ಪಿಟ್ಟು ಮಾಡಿದ ದಿನ ಮಗುವಿಗೆ ಮನೆಯ ಡಬ್ಬಿ ತೆರೆಯಲು ಬಿಡಿ, ಆದರೆ ಬೇರೆ ಸಾಲಿನಲ್ಲಿ ಕೂರಿಸಬೇಡಿ. ಇದು ಅಂಟುವ ಕಾಯಿಲೆಯಲ್ಲ. ಹೆಣ್ಣುಮಕ್ಕಳ ಸಂಬಂಧ ನೋಡುವಾಗ ಇದನ್ನು ಮುಚ್ಚಿಡುವ ಕುಟುಂಬಗಳ ಭಯ ನನಗೆ ಅರ್ಥವಾಗುತ್ತದೆ. ಆದರೆ ಗರ್ಭಕ್ಕೆ ತೊಂದರೆ ಕೊಡುವುದು ಗುರುತಿಸದೆ ಬಿಟ್ಟ ಕಾಯಿಲೆ. ಪಥ್ಯ ಹಿಡಿದು ಚೇತರಿಸಿಕೊಂಡವರು ಎಲ್ಲರಂತೆ ಹೆರುತ್ತಾರೆ. ಮುಚ್ಚಿಟ್ಟು ಮದುವೆಯಾದ ಹುಡುಗಿಯು ಗಂಡನ ಮನೆಯಲ್ಲಿ ಪಥ್ಯ ಪಾಲಿಸಲಾಗದೆ ಆ ತೊಂದರೆಯನ್ನೇ ಬರಮಾಡಿಕೊಳ್ಳುತ್ತಾಳೆ.

ಪಥ್ಯ ಹಿಡಿದ ಕೆಲವೇ ವಾರಗಳಲ್ಲಿ ಹೆಚ್ಚಿನವರಿಗೆ ಹೊಟ್ಟೆ ತಿಳಿಯಾಗುತ್ತದೆ, ಹಸಿವು ಮರಳುತ್ತದೆ. ಒಳಗಿನ ಕುಚ್ಚುಗಳು ಮತ್ತೆ ಚಿಗುರಲು ಮಕ್ಕಳಿಗಿಂತ ದೊಡ್ಡವರಿಗೆ ಹೆಚ್ಚು ಕಾಲ ಬೇಕು, ಕೆಲವರಿಗೆ ಎರಡು ವರ್ಷವೂ ಮೀರುತ್ತದೆ. ಆರಂಭದಲ್ಲಿ ಹಾಲು ಒಗ್ಗದಿರಬಹುದು. ಕರುಳು ಮಾಯ್ದಂತೆ ಅದು ಬಹುಮಟ್ಟಿಗೆ ಸರಿಹೋಗುತ್ತದೆ. ಆರು ತಿಂಗಳಿಗೊಮ್ಮೆ, ನಂತರ ವರ್ಷಕ್ಕೊಮ್ಮೆ ಪ್ರತಿಕಾಯದ ಪರೀಕ್ಷೆ ಮಾಡಿಸಿದರೆ ಎಲ್ಲಿಯಾದರೂ ಗೋಧಿ ನುಸುಳುತ್ತಿದೆಯೇ ಎಂಬ ಸುಳಿವು ಸಿಗುತ್ತದೆ. ಅದು ಇಳಿಯದಿದ್ದರೆ ಔಷಧದಂಗಡಿಗೆ ಹೋಗುವ ಮೊದಲು ಗಿರಣಿಯನ್ನೂ ಇಂಗಿನ ಡಬ್ಬಿಯನ್ನೂ ನೋಡಿ.

ಮಾತು ಮುಗಿಯುವ ಹೊತ್ತಿಗೆ ತಾಯಿಯೊಬ್ಬರು, ಒಬ್ಬ ಮಗನಿಗೆ ಈ ಕಾಯಿಲೆ ಇರುವುದರಿಂದ ಇನ್ನೊಬ್ಬಳು ಮಗಳಿಗೂ ಗೋಧಿ ನಿಲ್ಲಿಸಬೇಕೇ ಎಂದು ಕೇಳಿದರು. ನಿಲ್ಲಿಸಬಾರದು, ಮೊದಲು ಪರೀಕ್ಷೆ ಮಾಡಿಸಬೇಕು. ರೋಗಿಯ ತಂದೆ, ತಾಯಿ, ಒಡಹುಟ್ಟಿದವರು ಮತ್ತು ಮಕ್ಕಳಲ್ಲಿ ಹತ್ತರಲ್ಲಿ ಒಬ್ಬರಿಗೆ ಈ ಕಾಯಿಲೆ ಇರುವ ಸಂಭವವಿದೆ, ಯಾವ ಲಕ್ಷಣವೂ ಇಲ್ಲದೆ ಇರಬಹುದು. ಇಂದು ಇಲ್ಲವೆಂದು ಬಂದರೂ ಮುಂದೆ ಬರಬಹುದಾದ್ದರಿಂದ ವೈದ್ಯರು ಹೇಳಿದಾಗ ಮತ್ತೆ ಪರೀಕ್ಷಿಸಬೇಕು. ಡಿಕ್ಯೂ2, ಡಿಕ್ಯೂ8 ಎಂಬ ವಂಶವಾಹಿಗಳೆರಡೂ ಆ ಹುಡುಗಿಯಲ್ಲಿ ಇಲ್ಲವೆಂದು ತಿಳಿದುಬಂದರೆ ಈ ಕಾಯಿಲೆ ಬರುವ ಸಂಭವ ಇಲ್ಲವೆನ್ನುವಷ್ಟು ಕಡಿಮೆ. ಆಗ ಮತ್ತೆ ಮತ್ತೆ ರಕ್ತ ಕೊಡುವ ಅಗತ್ಯವೂ ಇರುವುದಿಲ್ಲ. ತಂದೆಯೂ ಪರೀಕ್ಷೆ ಮಾಡಿಸಿಕೊಳ್ಳಬೇಕೇ ಎಂದು ಅವರು ಮತ್ತೆ ಕೇಳಿದರು. ಹೌದು, ತಂದೆಯೂ, ನೀವೂ.